ಕೆಂಧೂಳಿನ ಸೀಮೆಯಲ್ಲಿ ಕಾರಿನ ಒಳಬಾಗಿಲು

ಹಿಂದೂಪುರದಿಂದ ಪೆನುಕೊಂಡೆಗೆ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರ್ ದಾರಿ. ಪೆನುಕೊಂಡೆ ಮಂಡಲದ ಎರ್ರಮಂಚಿಯಲ್ಲಿ 536 ಎಕರೆ ಜಾಗದಲ್ಲಿ ಕಿಯಾ ಕಂಪನಿ ಕಟ್ಟಿದ ಕಾರ್ಖಾನೆ 2019ರ ಡಿಸೆಂಬರಿನಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ವರ್ಷಕ್ಕೆ ಮೂರು ಲಕ್ಷ ಕಾರು ತಯಾರಿಸುವ ಸಾಮರ್ಥ್ಯ ಅದರದು. 2023ರ ಜುಲೈ ಹೊತ್ತಿಗೆ ಅಲ್ಲಿಂದ ಹತ್ತು ಲಕ್ಷ ಕಾರು ಹೊರಬಿದ್ದಿದ್ದವು. ರೇಷ್ಮೆಗೂಡು, ಹುಣಸೆಹಣ್ಣು, ಬೆಲ್ಲ, ಒಣಮೆಣಸಿನಕಾಯಿಯ ಮಂಡಿಗಳಿಗೆ ಹೆಸರಾದ ಈ ಸೀಮೆ ಈಗ ಕಾರು ಹುಟ್ಟುವ ಸೀಮೆಯೂ ಹೌದು. ಹಾಗೆ ಹುಟ್ಟಿದ ಕಾರುಗಳಲ್ಲಿ ಕೆಲವು ಇಲ್ಲಿಯೇ ಉಳಿದು ಮಡಕಶಿರ, ಕಲ್ಯಾಣದುರ್ಗ, ಪಾವಗಡ, ಗೌರಿಬಿದನೂರುಗಳ ನಡುವೆ ಓಡಾಡುತ್ತವೆ. ಅಂಥ ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ಮುಪ್ಪಾಗುವುದು ಎಂಜಿನ್ ಅಲ್ಲ, ಹೊರಮೈಯ ಬಣ್ಣವೂ ಅಲ್ಲ. ಗ್ಯಾರೇಜಿನವರು ಡೋರ್ ಪ್ಯಾಡ್ ಎಂದು ಕರೆಯುವ ಬಾಗಿಲಿನ ಒಳಹಲಗೆ. ನಾಲ್ಕೈದು ವರ್ಷಕ್ಕೇ ಕೈಯೊರಗು ಅಂಟಂಟಾಗುತ್ತದೆ ಇಲ್ಲವೇ ಬಿರಿಯುತ್ತದೆ, ಕಿಟಕಿಯ ಗುಂಡಿಗಳ ಸುತ್ತಲಿನ ಕಪ್ಪು ಹೊಳಪಿನ ಮೇಲೆ ಗೀರುಗಳ ಜಾಲ ಮೂಡುತ್ತದೆ, ಕೆಳಗಿನ ಜೇಬಿನ ಸಣ್ಣ ಉಬ್ಬುತಗ್ಗುಗಳಲ್ಲಿ ಕೆಂಪು ಬಣ್ಣ ಶಾಶ್ವತವಾಗಿ ಕೂತುಬಿಡುತ್ತದೆ. ಮಾಲೀಕರು ಬಿಸಿಲನ್ನೂ ಧೂಳನ್ನೂ ಬೈಯುತ್ತಾರೆ. ಬಿಸಿಲು ಧೂಳುಗಳ ಪಾಲು ಇದ್ದೇ ಇದೆ. ಆದರೆ ಒಳಹಲಗೆಯನ್ನು ಬೇಗ ಹಾಳುಮಾಡುವುದು ಅಲಕ್ಷ್ಯಕ್ಕಿಂತ ಹೆಚ್ಚಾಗಿ ತಪ್ಪು ಆರೈಕೆ. ಧೂಳು ಒಣಗಿರುವಾಗಲೇ ಅದನ್ನು ತೆಗೆಯದೆ ಮೊದಲೇ ನೀರು ಸೋಕಿಸುವುದು, ಆಮೇಲೆ ಹೊಳಪಿಗಾಗಿ ಎಣ್ಣೆ ಬಳಿಯುವುದು, ಕೊನೆಗೆ ಕಾರನ್ನು ಬಯಲಲ್ಲಿ ಕಾಯಲು ಬಿಡುವುದು, ಈ ಮೂರು ಸೇರಿ ಮಾಡುವ ಹಾನಿಯ ಮುಂದೆ ಸುಮ್ಮನೆ ಕೊಳೆಯಾಗಿದ್ದ ಬಾಗಿಲೇ ವಾಸಿ.

ಧೂಳಿನಿಂದಲೇ ಶುರುಮಾಡೋಣ, ಏಕೆಂದರೆ ಇಲ್ಲಿನ ಧೂಳು ಬೇರೆ ಊರಿನ ಧೂಳಲ್ಲ. ಹಳೆಯ ಅನಂತಪುರ ಜಿಲ್ಲೆ ದೇಶದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲೊಂದು. ವರ್ಷದ ಸರಾಸರಿ 550 ಮಿಲಿಮೀಟರಿನ ಆಸುಪಾಸು. (2022ರ ಏಪ್ರಿಲಿನಲ್ಲಿ ಜಿಲ್ಲೆ ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಧೂಳಿಗೆ ಈ ಗಡಿ ಗೊತ್ತಿಲ್ಲ.) ಕಲ್ಯಾಣದುರ್ಗದ ವಾಯವ್ಯಕ್ಕೆ ಹಗರಿ ಅಥವಾ ವೇದಾವತಿ ನದಿಯ ಪಾತ್ರದ ಮರಳು ಗಾಳಿಗೆ ಎದ್ದು ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಹೊಲಗಳ ಮೇಲೆ ದಿಬ್ಬಗಳಾಗಿ ಕೂರುವುದನ್ನು ರೈತರು ತಲೆಮಾರುಗಳಿಂದ ನೋಡುತ್ತಿದ್ದಾರೆ. ಹಿಂದೂಪುರದ ಕಡೆ ಮರಳಿನ ದಿಬ್ಬವಿಲ್ಲ, ಆದರೆ ಲೇಪಾಕ್ಷಿಯ ಬಸವಣ್ಣನನ್ನು ಕಡೆದ ಗ್ರಾನೈಟಿನ ಜಾತಿಯ ಬಂಡೆಯೇ ನೆಲದಡಿ ಹಾಸಿಕೊಂಡಿದೆ. ಆ ಬಂಡೆ ಶಿಥಿಲವಾಗಿ ಆದ ಕೆಂಪು ಮಣ್ಣಿನಲ್ಲಿ ಎರಡು ವಸ್ತುಗಳು ಮುಖ್ಯ. ಒಂದು, ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಕಣ. ಇನ್ನೊಂದು, ಬೆಣಚುಕಲ್ಲಿನ ಅಂದರೆ ಕ್ವಾರ್ಟ್ಜ್‌ನ ಚೂರು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್‌ಗೆ 7ನೆಯ ಸ್ಥಾನ; ಮಾಮೂಲಿ ಗಾಜೂ ಸಾಧಾರಣ ಉಕ್ಕಿನ ಚಾಕುವೂ ಅದಕ್ಕಿಂತ ಮೆತ್ತಗೆ. ಕಾರಿನ ಪ್ಲಾಸ್ಟಿಕ್ಕಂತೂ ಆ ಸಾಲಿನಲ್ಲಿ ಲೆಕ್ಕಕ್ಕೇ ಇಲ್ಲ. ಬಾಗಿಲಿನ ಮೇಲೆ ಕೂತ ಧೂಳು ಕೂತಷ್ಟು ಹೊತ್ತು ಯಾರಿಗೂ ಏನೂ ಮಾಡುವುದಿಲ್ಲ. ಅದರ ಮೇಲೆ ಬಟ್ಟೆ ಒತ್ತಿ ಎಳೆದಾಗಲೇ ಗೀರುವುದು.

ಹಾಗಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತಲ್ಲ, ನೀರು ಧೂಳನ್ನು ಎತ್ತಿಕೊಳ್ಳುತ್ತದಲ್ಲ ಎಂದು ಕೇಳಬಹುದು. ನುಣುಪಾದ ಗಾಜಿನ ಮೇಲೆ ಈ ಮಾತು ಸ್ವಲ್ಪಮಟ್ಟಿಗೆ ನಿಜ. ಆದರೆ ಬಾಗಿಲಿನ ಒಳಹಲಗೆ ನುಣುಪಾಗಿಲ್ಲ. ಚರ್ಮದಂತೆ ಕಾಣಲೆಂದು ಕಾರ್ಖಾನೆಯ ಅಚ್ಚಿನಲ್ಲೇ ಅದಕ್ಕೆ ಸಾವಿರಾರು ಸಣ್ಣ ಗುಳಿಗಳನ್ನು ಕೊಟ್ಟಿರುತ್ತಾರೆ. ತುಂಬ ಧೂಳಿರುವಾಗ ಅದರ ಮೇಲೆ ಒದ್ದೆ ಬಟ್ಟೆ ಆಡಿಸಿದರೆ ಕೆಂಪು ಮಣ್ಣು ಕೆಸರಾಗಿ, ಗೋಡೆಗೆ ಗಿಲಾವು ಮಾಡಿದ ಹಾಗೆ ಗುಳಿಗಳಿಗೆ ತುಂಬಿ ಒಣಗುತ್ತದೆ. ಮುಂದಿನ ವಾರ ಮತ್ತೆ ಒರೆಸಿದಾಗ ಅದರ ಮೇಲೊಂದು ಪದರ. ಆರು ತಿಂಗಳಲ್ಲಿ ಬೂದು ಬಣ್ಣದ ಹಲಗೆಗೆ ಕಾವಿ ಬಣ್ಣ ಬಂದಿರುತ್ತದೆ, ಮಾಲೀಕರು ಪ್ಲಾಸ್ಟಿಕ್ಕಿನ ಬಣ್ಣವೇ ಬದಲಾಯಿತು ಅಂದುಕೊಳ್ಳುತ್ತಾರೆ. ಬದಲಾಗಿರುವುದಿಲ್ಲ, ಬರೀ ಮಣ್ಣು. ಅದರ ಜೊತೆಗೆ ನೀರಿನದೇ ಒಂದು ಸಮಸ್ಯೆಯಿದೆ. ಈ ಭಾಗದ ಕೊಳವೆಬಾವಿಯ ನೀರು ಬಹಳ ಗಡಸು, ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡೂ ಹೆಚ್ಚು; 1990ರ ದಶಕದಲ್ಲಿ ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟ್ ನೂರಾರು ಹಳ್ಳಿಗಳಿಗೆ ಕುಡಿಯುವ ನೀರಿನ ಯೋಜನೆ ಮಾಡಿದ್ದರ ಹಿನ್ನೆಲೆಯೇ ಅದು. ಕುಡಿಯುವುದಕ್ಕೆ ಬೇರೆ ನೀರು ಬಂದಿರಬಹುದು, ವಾಟರ್ ಸರ್ವೀಸಿನವರ ಟ್ಯಾಂಕಿಗೆ ಬರುವುದು ಇವತ್ತಿಗೂ ಬೋರಿನ ನೀರೇ. ಅದು ಆರಿದ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಸುಣ್ಣದ ಬಿಳಿ ಕಲೆ ಉಳಿಯುತ್ತದೆ. ಆ ಬಿಳುಪನ್ನು ಮುಚ್ಚಲು ಪಾಲಿಶ್, ಪಾಲಿಶಿನ ಮೇಲೆ ಮತ್ತೆ ಧೂಳು.

ನೀರು ಹೊಡೆದು ತೊಳೆಯುವ ರೂಢಿ ಎಲ್ಲಿಂದ ಬಂತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹಳೆಯ ಜೀಪಿನ ಬಾಗಿಲಿಗೆ ಒಳಹಲಗೆಯೇ ಇರಲಿಲ್ಲ. ಬರೀ ತಗಡು, ಪೈಪು ಹಿಡಿದರೂ ನಡೆಯುತ್ತಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಹಾರ್ಡ್‌ಬೋರ್ಡಿಗೆ ರೆಕ್ಸಿನ್ ಹೊದಿಸಿದ ಹಲಗೆ ಇತ್ತು. ನೀರು ಕುಡಿದು ಅದು ಉಬ್ಬಿದರೆ ಊರಿನ ಸೀಟು ಹೊಲಿಯುವ ಅಂಗಡಿಯವರೇ ಹೊಸ ಹಲಗೆ ಕತ್ತರಿಸಿ ರೆಕ್ಸಿನ್ ಸುತ್ತಿ ಕೊಡುತ್ತಿದ್ದರು. ಈಗಿನ ಹಲಗೆ ಹಾಗಲ್ಲ. ಕೆಳಗಿನ ಗಡಸು ಭಾಗ ಪಾಲಿಪ್ರೊಪಿಲೀನ್, ಗುಂಡಿಗಳ ಸುತ್ತಲಿನದು ಎಬಿಎಸ್ ಅಥವಾ ಅದರ ಮಿಶ್ರಣ, ಕೈಯೊರಗಿನ ಮೇಲೆ ಪಿವಿಸಿ ಅಥವಾ ಪಾಲಿಯುರೆಥೇನಿನ ಹೊದಿಕೆ, ಅದರಡಿ ಫೋಮ್, ನಡುವೆ ಅಂಟು ಹಾಕಿ ಕೂರಿಸಿದ ಬಟ್ಟೆಯ ತುಂಡು. ಒಳಗೆ ಸ್ಪೀಕರ್, ಕಿಟಕಿ ಏರಿಸುವ ಮೋಟಾರಿನ ವೈರು, ಕನ್ನಡಿ ಹೊಂದಿಸುವ ಗುಂಡಿಗಳ ಸರ್ಕಿಟ್. ಕೆಲವು ಕಾರುಗಳಲ್ಲಿ ಅಡ್ಡ ಹೊಡೆತ ಬಿದ್ದಾಗ ಏರ್‌ಬ್ಯಾಗಿಗೆ ಸುದ್ದಿ ಮುಟ್ಟಿಸುವ ಒತ್ತಡದ ಸೆನ್ಸರ್ ಕೂಡ ಬಾಗಿಲಿನ ಪೊಳ್ಳಿನಲ್ಲೇ ಇರುತ್ತದೆ. ಇದಿಷ್ಟೂ ಇರುವ ವಸ್ತುವಿನ ಮೇಲೆ ಸೋಪಿನ ನೊರೆ ಸುರಿದು ಉಜ್ಜಿದರೆ ಬಟ್ಟೆಯ ಅಂಟು ಬಿಡುತ್ತದೆ, ಗುಂಡಿಯ ಸಂಪರ್ಕಗಳು ತುಕ್ಕು ಹಿಡಿಯುತ್ತವೆ, ಒಂದು ದಿನ ಕಿಟಕಿ ಅರ್ಧಕ್ಕೆ ನಿಂತು ಮೇಲೇಳುವುದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಏರ್ ಹೊಡೆಸುವವರದು ಇನ್ನೊಂದು ಬಗೆ: ಧೂಳು ಕಣ್ಮರೆಯಾಗುತ್ತದೆ ನಿಜ, ಆದರೆ ಅದು ಹೋಗಿ ಸೇರಿಕೊಳ್ಳುವುದು ಸ್ಪೀಕರಿನ ಜಾಲರಿಯೊಳಗೆ, ಗುಂಡಿಗಳ ಸಂದಿಗೆ, ಎಸಿ ಕಿಂಡಿಗೆ. ಧೂಳನ್ನು ಹೊರಕ್ಕೆ ಹೀರಬೇಕು, ಒಳಕ್ಕೆ ಊದಬಾರದು.

ಇನ್ನು ಬಿಸಿಲು. ಹಿಂದೂಪುರ ಸಮುದ್ರಮಟ್ಟದಿಂದ ಸುಮಾರು 620 ಮೀಟರ್ ಎತ್ತರದಲ್ಲಿರುವುದರಿಂದ ಅನಂತಪುರ ಪಟ್ಟಣದಷ್ಟು ಕಾಯುವುದಿಲ್ಲ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಇಡೀ ಸೀಮೆಯ ತಾಪ ನಲವತ್ತರ ಹತ್ತಿರ ಆಡುತ್ತಿರುತ್ತದೆ. ಇಂಥದೇ ಒಣ ಸೆಕೆಯ ಅಮೆರಿಕದ ಅರಿಜೋನಾದಲ್ಲಿ ಸಂಶೋಧಕರು ನಿಲ್ಲಿಸಿದ ಕಾರುಗಳ ಒಳತಾಪ ಅಳೆದು 2018ರಲ್ಲಿ ಪ್ರಕಟಿಸಿದರು. ಹೊರಗೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿ ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿಗೆ ಏರಿತ್ತು, ಸೀಟು 51ಕ್ಕೆ, ಒಳಗಿನ ಗಾಳಿ 47ಕ್ಕೆ. ನೆರಳಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮಾತ್ರ 48ರಲ್ಲಿತ್ತು. ಬಿಸಿಲಿಗೂ ನೆರಳಿಗೂ 21 ಡಿಗ್ರಿ ಅಂತರ. ತಾಪ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ಲೆಕ್ಕ. ಆ ಲೆಕ್ಕ ಹಿಡಿದರೆ ಬಿಸಿಲಿನ ಕಾರಿನ ಪ್ಲಾಸ್ಟಿಕ್ಕು ನೆರಳಿನ ಕಾರಿನದಕ್ಕಿಂತ ನಾಲ್ಕು ಪಟ್ಟು ವೇಗದಲ್ಲಿ ಮುಪ್ಪಾಗುತ್ತದೆ. ಪಿವಿಸಿಯನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ಸೆಕೆಗೆ ನಿಧಾನವಾಗಿ ಆವಿಯಾಗಿ ಹೊರಬರುತ್ತದೆ. ಮುಂದಿನ ಗಾಜಿನ ಒಳಮೈ ಮೇಲೆ ಆಗಾಗ ಕಾಣುವ ಜಿಡ್ಡು ಮಬ್ಬಿನಲ್ಲಿ ಅದರದೂ ಪಾಲಿದೆ. ಎಣ್ಣೆ ಬಿಟ್ಟ ಹೊದಿಕೆ ಗಟ್ಟಿಯಾಗಿ, ಕುಗ್ಗಿ, ಹೊಲಿಗೆಯ ಬಳಿ ಬಿರಿಯುತ್ತದೆ.

ಸೆಕೆಯಂತೆ ನೇರಳಾತೀತ ಕಿರಣವೂ ಇದೆ, ಅದು ಬಾಗಿಲಿಗೆ ವಿಶೇಷವಾಗಿ ತಟ್ಟುತ್ತದೆ. ಮುಂದಿನ ಗಾಜು ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಾಡಿದ್ದು. ಪಕ್ಕದ ಗಾಜು ಸಾಮಾನ್ಯವಾಗಿ ಒಂಟಿ ಪದರದ್ದು. ಅಮೆರಿಕದ ನೇತ್ರವೈದ್ಯರೊಬ್ಬರು 15 ಕಂಪನಿಗಳ 29 ಕಾರುಗಳನ್ನು ಅಳೆದು 2016ರಲ್ಲಿ ವರದಿ ಮಾಡಿದ ಪ್ರಕಾರ ಮುಂದಿನ ಗಾಜು ಎ ವರ್ಗದ ನೇರಳಾತೀತ ಕಿರಣದ ಸರಾಸರಿ 96 ಶೇಕಡಾ ತಡೆಯುತ್ತಿತ್ತು. ಪಕ್ಕದ ಗಾಜು ತಡೆದದ್ದು ಸರಾಸರಿ 71 ಶೇಕಡಾ, ಕೆಲವು ಕಾರುಗಳಲ್ಲಿ 44 ಶೇಕಡಾ ಮಾತ್ರ. ಅವರಿಗೆ ಕಣ್ಣಿನ ಮತ್ತು ಚರ್ಮದ ಚಿಂತೆಯಿತ್ತು, ನಮಗೆ ಇಲ್ಲಿ ಹಲಗೆಯ ಚಿಂತೆ. ಯಾವ ಬಾಗಿಲಿಗೆ ಹೆಚ್ಚು ಬಿಸಿಲು ಎಂಬುದನ್ನು ದಾರಿಯ ದಿಕ್ಕೇ ಹೇಳುತ್ತದೆ. ಹಿಂದೂಪುರದಿಂದ ಬೆಳಿಗ್ಗೆ ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ಬೆಂಗಳೂರಿಗೆ ಹೊರಟರೆ ಮುಖ ಹೆಚ್ಚುಕಡಿಮೆ ದಕ್ಷಿಣಕ್ಕೆ, ಸೂರ್ಯ ಎಡಗಡೆ. ಸಂಜೆ ಮರಳುವಾಗ ಮುಖ ಉತ್ತರಕ್ಕೆ, ಇಳಿವ ಸೂರ್ಯ ಮತ್ತೆ ಎಡಗಡೆಯೇ. ಎಡ ಕಿಟಕಿಯಿಂದ ಓರೆಯಾಗಿ ಬಂದ ಬೆಳಕು ಬೀಳುವುದು ಎದುರಿನ, ಅಂದರೆ ಚಾಲಕನ ಕಡೆಯ ಬಾಗಿಲಿನ ಒಳಮೈ ಮೇಲೆ. ಚಾಲಕನ ಬೆವರು, ತಲೆಗೂದಲಿನ ಎಣ್ಣೆ ಹತ್ತಿದ ಕೈ, ಮೊಣಕೈಯ ಭಾರ ಎಲ್ಲವೂ ಆ ಬಾಗಿಲಿಗೇ. ದಿನವೂ ಈ ದಾರಿ ಹಿಡಿಯುವವರು ನಾಲ್ಕೂ ಬಾಗಿಲಿಗೆ ಒಂದೇ ಸಮನಾಗಿ ಶ್ರಮ ಪಡಬೇಕಾಗಿಲ್ಲ, ಆ ಒಂದನ್ನು ಕಾದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಕಾರು ಮಾಡುವವರಿಗೆ ಇದೆಲ್ಲ ಗೊತ್ತಿಲ್ಲವೇ, ಅವರು ಪರೀಕ್ಷೆ ಮಾಡಿಯೇ ಮಾರುತ್ತಾರಲ್ಲ, ಮತ್ತೆ ನಾವೇಕೆ ತಲೆಕೆಡಿಸಿಕೊಳ್ಳಬೇಕು? ಪರೀಕ್ಷೆ ಮಾಡುತ್ತಾರೆ, ಕಠಿಣವಾಗಿಯೇ ಮಾಡುತ್ತಾರೆ. ಕಾರಿನ ಒಳಗಿನ ವಸ್ತುಗಳಿಗಾಗಿ ಅಮೆರಿಕದ ಎಂಜಿನಿಯರುಗಳ ಸಂಘ ಎಸ್‌ಎಇ ರೂಪಿಸಿದ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ಕ್ಸೆನಾನ್ ದೀಪದ ಪ್ರಖರ ಬೆಳಕಿನಡಿ, ಕಪ್ಪು ಫಲಕದ ತಾಪವನ್ನು 89 ಡಿಗ್ರಿಯಲ್ಲಿ ಹಿಡಿದು ಪ್ಲಾಸ್ಟಿಕ್ಕಿನ ತುಂಡುಗಳನ್ನು ಗಂಟೆಗಟ್ಟಲೆ ಕಾಯಿಸುತ್ತಾರೆ. ಹಿಂದೂಪುರದ ಯಾವ ಮೇ ತಿಂಗಳೂ ಅಷ್ಟು ಕಾಯಿಸುವುದಿಲ್ಲ. ಅಲ್ಲದೆ ಪ್ಲಾಸ್ಟಿಕ್ಕಿನಲ್ಲೇ ಬೆಳಕಿನ ಹಾನಿ ತಡೆಯುವ ಸ್ಥಿರಕಾರಿಗಳನ್ನು ಬೆರೆಸಿರುತ್ತಾರೆ; ಕಪ್ಪು ಹಲಗೆಯಲ್ಲಿರುವ ಇಂಗಾಲದ ಮಸಿ ತಾನೇ ಒಂದು ಒಳ್ಳೆಯ ರಕ್ಷಕ, ನೇರಳಾತೀತ ಕಿರಣವನ್ನು ಮೇಲ್ಪದರದಲ್ಲೇ ನುಂಗಿಬಿಡುತ್ತದೆ. ಈ ಆಕ್ಷೇಪವನ್ನು ಪೂರ್ತಿ ಒಪ್ಪಿಕೊಂಡರೆ ಮೂಲ ವಾದವೇ ಬಲಗೊಳ್ಳುತ್ತದೆ. ಬೆಳಕು ಮತ್ತು ತಾಪದ ಆ ಪರೀಕ್ಷೆ ಎದುರಿಸುವುದು ಬರಿಯ ಪ್ಲಾಸ್ಟಿಕ್ಕು. ಸೀಮೆಎಣ್ಣೆಯಲ್ಲಿ ಒರೆಸಿದ, ಬೆಣಚು ಕಣದಲ್ಲಿ ತಿಕ್ಕಿದ, ಬಟ್ಟೆ ಒಗೆಯುವ ಪುಡಿಯಲ್ಲಿ ನೆನೆಸಿದ ಪ್ಲಾಸ್ಟಿಕ್ಕನ್ನು ಯಾರೂ ಆ ದೀಪದಡಿ ಇಟ್ಟು ನೋಡಿರುವುದಿಲ್ಲ. ಕಾರ್ಖಾನೆಯಿಂದ ಬಂದ ಹಲಗೆ ಬಿಸಿಲು ತಡೆಯುವಷ್ಟು ಗಟ್ಟಿಯಾಗಿಯೇ ಬಂದಿರುತ್ತದೆ. ಆ ಗಟ್ಟಿತನ ಕಳೆಯುವ ಕೆಲಸ ಮನೆಯಂಗಳದಲ್ಲೂ ವಾಟರ್ ಸರ್ವೀಸಿನಲ್ಲೂ ನಡೆಯುತ್ತದೆ.

ಯಾವುದರಿಂದ ಒರೆಸಬಾರದು ಎಂಬ ಪಟ್ಟಿ ಉದ್ದವಿದೆ, ಮುಖ್ಯವಾದವನ್ನಷ್ಟೇ ಹೇಳುತ್ತೇನೆ. ಡೀಸೆಲ್, ಸೀಮೆಎಣ್ಣೆ, ಥಿನ್ನರ್ ಪಿವಿಸಿಯೊಳಗಿನ ಮೆದುಗೊಳಿಸುವ ಎಣ್ಣೆಯನ್ನು ಎಳೆದು ತೆಗೆಯುತ್ತವೆ. ಹಚ್ಚಿದ ದಿನ ಫಳಫಳ, ಆರು ತಿಂಗಳಿಗೆ ಬಿರುಕು. ಬಟ್ಟೆ ಒಗೆಯುವ ಪುಡಿಯ ದ್ರಾವಣ ಬಲವಾದ ಕ್ಷಾರ, ಲೆದರೆಟ್ಟಿನ ಮೇಲಿನ ತೆಳು ಲೇಪವನ್ನು ತಿನ್ನುತ್ತದೆ. ಅಮೋನಿಯ ಅಥವಾ ಆಲ್ಕೊಹಾಲ್ ಇರುವ ಗಾಜಿನ ಕ್ಲೀನರ್ ಗಾಜಿಗೆ ಮಾತ್ರ ಸರಿ. ಕೋವಿಡ್ ಕಾಲದಲ್ಲಿ ಸ್ಯಾನಿಟೈಸರ್ ಹಚ್ಚಿದ ಕೈ ಆರುವ ಮೊದಲೇ ಬಾಗಿಲ ಹಿಡಿ ಮುಟ್ಟುವ ಅಭ್ಯಾಸ ಬೆಳೆಯಿತು. ಎಬಿಎಸ್ ಜಾತಿಯ ಪ್ಲಾಸ್ಟಿಕ್ಕು ಒಳಗೇ ಬಿಗಿತವಿರುವ ಕಡೆ ಇಂಥ ದ್ರಾವಕ ತಾಗಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಡೀಟ್ ಎಂಬ ರಾಸಾಯನಿಕವಿರುವ ಸೊಳ್ಳೆ ಮುಲಾಮು ಪ್ಲಾಸ್ಟಿಕ್ಕನ್ನು ಕರಗಿಸಿ ಬೆರಳಚ್ಚು ಮೂಡಿಸಬಲ್ಲದು. ಮ್ಯಾಜಿಕ್ ಸ್ಪಂಜ್ ಎಂದು ಮಾರುವ ಬಿಳಿ ಮೆಲಮೈನ್ ತುಂಡು ಕೊಳೆ ತೆಗೆಯುವುದು ರಾಸಾಯನಿಕದಿಂದಲ್ಲ, ನುಣ್ಣನೆಯ ಉಜ್ಜುಕಾಗದದಂತೆ ಕೆರೆಯುವುದರಿಂದ. ಹೊಳಪಿನ ಕಪ್ಪು ಚೌಕಟ್ಟಿನ ಮೇಲೆ ಅದನ್ನು ಒಮ್ಮೆ ಆಡಿಸಿದರೆ ಸಾಕು, ಆ ಹೊಳಪು ಮತ್ತೆ ಬರುವುದಿಲ್ಲ. ಇದೇ ಮಾತಿಗೆ ಸೇರಿಸಿ ಹೇಳಬೇಕು: ಈ ಧೂಳಿನ ದೇಶಕ್ಕೆ, ಕೈ ಸದಾ ಮುಟ್ಟುವ ಗುಂಡಿಗಳ ಸುತ್ತಲೇ ಕನ್ನಡಿಯಂಥ ಕಪ್ಪು ಪ್ಲಾಸ್ಟಿಕ್ ಇಡುವ ವಿನ್ಯಾಸಕಾರರ ಶೋಕಿ ನನಗೆ ಅರ್ಥವಾಗದ ಸಂಗತಿ.

ಸರಿಯಾದ ವಿಧಾನ ಇಷ್ಟೆಲ್ಲ ಉದ್ದವಿಲ್ಲ. ಕಾರು ನೆರಳಿನಲ್ಲಿ ನಿಂತು ಹಲಗೆ ತಣ್ಣಗಾಗಿರಬೇಕು. ಕಾದ ಪ್ಲಾಸ್ಟಿಕ್ಕಿನ ಮೇಲೆ ಸೋಪಿನ ನೀರು ಒರೆಸುವ ಮೊದಲೇ ಆರಿ ಕಲೆ ಕಟ್ಟುತ್ತದೆ. ಮೊದಲು ಒಣ ಕೆಲಸ. ಹಳೆಯ ಮೆತ್ತನೆಯ ಪೇಂಟ್ ಬ್ರಷ್ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ, ಒತ್ತದೆ, ಸಂದಿಗೊಂದಿಗಳ ಧೂಳನ್ನು ಎಬ್ಬಿಸುವುದು, ಇನ್ನೊಂದು ಕೈಯಲ್ಲಿ ವ್ಯಾಕ್ಯೂಮಿನ ಬಾಯಿ ಹತ್ತಿರ ಹಿಡಿದು ಎದ್ದದ್ದನ್ನು ಹೀರುವುದು. ವ್ಯಾಕ್ಯೂಮ್ ಇಲ್ಲದಿದ್ದರೆ ನಾಲ್ಕೂ ಬಾಗಿಲು ತೆರೆದು ಗಾಳಿ ಬೀಸುವ ದಿಕ್ಕು ನೋಡಿಕೊಂಡು ಬ್ರಷ್ಷಿನಲ್ಲೇ ಹೊರಗೆ ಝಾಡಿಸಬಹುದು. ಕಲ್ಯಾಣದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಡಿಸಿದ ಗಾಳಿ ಈ ಕೆಲಸಕ್ಕೂ ಒದಗುತ್ತದೆ. ಕೆಳಗಿನ ಜೇಬಿನ ಮರಳು ಪೂರ್ತಿ ಹೋಗುವವರೆಗೆ ನೀರು ಮುಟ್ಟಬಾರದು. ಆಮೇಲೆ ಒಂದು ಲೀಟರ್ ನೀರಿಗೆ ಕೆಲವೇ ಹನಿ ಸೌಮ್ಯ ಶಾಂಪೂ ಬೆರೆಸಿ, ಮೈಕ್ರೋಫೈಬರ್ ಬಟ್ಟೆಯನ್ನು ಅದರಲ್ಲಿ ಅದ್ದಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ ಒರೆಸುವುದು. ದ್ರಾವಣವನ್ನು ಬಟ್ಟೆಗೆ ಹಾಕಬೇಕು, ಬಾಗಿಲಿಗಲ್ಲ. ಗುಂಡಿಗಳ ಬಳಿ ಇದು ಕಡ್ಡಾಯ. ಬಟ್ಟೆಯ ಒಂದು ಮಡಿಕೆ ಕೊಳೆಯಾದ ಕೂಡಲೇ ಇನ್ನೊಂದು ಮಡಿಕೆಗೆ ತಿರುಗಬೇಕು, ಇಲ್ಲವಾದರೆ ತೆಗೆದ ಧೂಳನ್ನೇ ಮತ್ತೆ ಉಜ್ಜಿದಂತಾಗುತ್ತದೆ. ಗುಳಿಗಳಲ್ಲಿ ಕೂತ ಹಳೆಯ ಕೆಂಪಿಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಅದೇ ದ್ರಾವಣ, ತಾಳ್ಮೆ. ಕಡೆಗೆ ಶುದ್ಧ ನೀರಿನ ಬಟ್ಟೆ, ಅದರ ಬೆನ್ನಿಗೇ ಒಣ ಬಟ್ಟೆ. ಬೋರಿನ ನೀರಿನ ಬದಲು ಕುಡಿಯುವ ಆರ್‌ಒ ನೀರನ್ನು ಅರ್ಧ ಲೀಟರ್ ಬಳಸಿದರೆ ಸುಣ್ಣದ ಕಲೆಯ ಗೋಜೇ ಇರುವುದಿಲ್ಲ. ಬಟ್ಟೆಯ ಭಾಗವಿದ್ದರೆ ಅಲ್ಲಿ ನೀರಿಗಿಂತ ನೊರೆಯನ್ನಷ್ಟೇ ಮುಟ್ಟಿಸಿ ಕೂಡಲೇ ಒತ್ತಿ ತೆಗೆಯಬೇಕು.

ಈಗ ಹೊಳಪಿನ ಪ್ರಶ್ನೆ. ಪಾಲಿಶ್ ಹಾಕಿದರೆ ಪ್ಲಾಸ್ಟಿಕ್ಕಿಗೆ ರಕ್ಷಣೆ ಸಿಗುತ್ತದೆ ಎಂಬ ನಂಬಿಕೆ ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಇಷ್ಟು ಗಟ್ಟಿಯಾಗಿ ನಿಂತಿದೆ. ಮಾರುಕಟ್ಟೆಯ ಬಹುಪಾಲು ಡ್ಯಾಶ್‌ಬೋರ್ಡ್ ಪಾಲಿಶ್‌ಗಳು ಸಿಲಿಕೋನ್ ಎಣ್ಣೆಯವು. ಸಿಲಿಕೋನ್ ಪ್ಲಾಸ್ಟಿಕ್ಕನ್ನು ಸುಟ್ಟುಬಿಡುತ್ತದೆ ಎಂದು ಹೆದರಿಸುವವರ ಮಾತು ಅತಿಯಾಯಿತು. ಸಿಲಿಕೋನ್ ಎಣ್ಣೆ ಸ್ವತಃ ಬಹಳ ನಿಷ್ಕ್ರಿಯ ವಸ್ತು, ನೀರಿನಲ್ಲಿ ಕದಡಿದ ಸಿಲಿಕೋನಿನಿಂದ ಹಲಗೆಗೆ ನೇರ ಹಾನಿಯಿಲ್ಲ. ಅದನ್ನು ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿ ಮಾರುವ ಅಗ್ಗದ ಮಾಲಿನಲ್ಲಿ ತೊಂದರೆ ಆ ದ್ರಾವಕದ್ದು. ಆದರೆ ಬೆಂಗಳೂರಿನ ಬೇಸ್‌ಮೆಂಟಿನಲ್ಲಿ ನಿಲ್ಲುವ ಕಾರಿಗೆ ನಿರುಪದ್ರವಿಯಾದದ್ದು ಮಡಕಶಿರದ ರಸ್ತೆಯ ಕಾರಿಗೆ ನಿರುಪದ್ರವಿಯಲ್ಲ. ಎಣ್ಣೆಯ ಜಿಡ್ಡು ಇರುವ ಮೈಗೆ ಧೂಳು ಅಂಟಿಕೊಳ್ಳುತ್ತದೆ. ಅಂಟಿದ ಧೂಳು ಬ್ರಷ್ಷಿಗೆ ಬಿಡುವುದಿಲ್ಲ, ಒರೆಸಲೇಬೇಕು. ಎಣ್ಣೆ ಮತ್ತು ಬೆಣಚು ಕಣ ಸೇರಿದರೆ ಅದು ಲೋಹ ಉಜ್ಜುವ ಲೇಪವೇ. ಹೀಗೆ ಹೊಳಪಿಗಾಗಿ ಹಚ್ಚಿದ್ದು ವಾರದೊಳಗೆ ಹೊಳಪು ತೆಗೆಯುವ ಸಾಧನವಾಗುತ್ತದೆ. ನೇರಳಾತೀತ ತಡೆಯುವ ಅಂಶವಿರುವ, ನೀರಿನ ಆಧಾರದ, ಹಚ್ಚಿ ಒರೆಸಿದ ಮೇಲೆ ಜಿಡ್ಡಿಲ್ಲದೆ ಮ್ಯಾಟ್ ಆಗಿ ಉಳಿಯುವ ರಕ್ಷಕಗಳೂ ಸಿಗುತ್ತವೆ. ಹಚ್ಚಲೇಬೇಕೆಂದಿದ್ದರೆ ಅದನ್ನು ಬಟ್ಟೆಗೆ ಸ್ವಲ್ಪ ಹಾಕಿ, ತೆಳ್ಳಗೆ ಸವರಿ, ಮುಟ್ಟಿದರೆ ಕೈಗೆ ಏನೂ ಹತ್ತದಷ್ಟು ಒರೆಸಿಬಿಡಬೇಕು. ಕೈ ಬೆವರಿಗೂ ತಿಕ್ಕಾಟಕ್ಕೂ ಅದು ಸವೆಯುವುದರಿಂದ ಆಗಾಗ ಹಚ್ಚುತ್ತಿರಬೇಕು. ಆದರೂ ಅದರ ಪ್ರಯೋಜನ ಸಣ್ಣದು. ಬಾಟಲಿಯಲ್ಲಿ ಬರುವ ಯಾವ ರಕ್ಷಕವೂ ನೆರಳಿನಂತೆ ತಾಪವನ್ನು 21 ಡಿಗ್ರಿ ಇಳಿಸಲಾರದು.

ನೆರಳಿಗೆ ಬದಲು ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದರಾಗದೇ? 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಅಂಟಿಸುವ ಕಪ್ಪು ಫಿಲ್ಮನ್ನು ನಿಷೇಧಿಸಿತು. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜು ಕನಿಷ್ಠ 70 ಶೇಕಡಾ, ಪಕ್ಕದ ಗಾಜು ಕನಿಷ್ಠ 50 ಶೇಕಡಾ ಬೆಳಕು ಬಿಡಬೇಕು. ಈ ಮಿತಿಯೊಳಗಿನ ಫಿಲ್ಮಿನ ಬಗ್ಗೆ ನಿಯಮಗಳು ಆಮೇಲೆ ಸ್ವಲ್ಪ ಸಡಿಲಾಗಿದ್ದರೂ ಎರಡು ರಾಜ್ಯಗಳ ಗಡಿಯನ್ನು ದಿನವೂ ದಾಟುವ ಕಾರಿಗೆ ಚೆಕ್‌ಪೋಸ್ಟಿನಲ್ಲಿ ವಾದ ಮಾಡುವ ತಾಪತ್ರಯ ಬೇಡ. ತೆಗೆದು ಮಡಚಬಹುದಾದ ಪರದೆಯನ್ನು ಕಾರು ನಿಂತಾಗ ಮಾತ್ರ ಕಿಟಕಿಗೆ ಹಾಕಿಕೊಳ್ಳಲು ಯಾರ ತಕರಾರೂ ಇಲ್ಲ. ಹುಣಸೆ, ಹೊಂಗೆ, ಬೇವಿನ ಮರಗಳು ಈ ಸೀಮೆಯಲ್ಲಿ ಇನ್ನೂ ಉಳಿದಿವೆ. ಹೊಂಗೆ ಹೂವು ಕಾರಿನ ಮೇಲೆಲ್ಲ ಉದುರುತ್ತದೆ ಎಂದು ಬಿಸಿಲಿನಲ್ಲಿ ನಿಲ್ಲಿಸುವವರು ಬಾನೆಟ್ಟಿನ ಹೂವು ಕೊಡವುವ ಶ್ರಮ ಉಳಿಸಲು ಒಳಹಲಗೆಯನ್ನೇ ಬಲಿಕೊಡುತ್ತಿದ್ದಾರೆ.

ಹಾಗಿದ್ದರೆ ಕಂಪನಿ ಹಾಕಿ ಕಳಿಸಿದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಬಿಡುವುದೇ ಸುಲಭ ಎನ್ನುವವರಿದ್ದಾರೆ, ಹೊಸ ಕಾರಿನ ಬಾಗಿಲಿಗೆ ಎರಡು ವರ್ಷವಾದರೂ ಆ ಹಾಳೆ ಮೆತ್ತಿಕೊಂಡೇ ಇರುವುದನ್ನು ಯಾವ ಮದುವೆ ಮಂಟಪದ ಮುಂದೆಯಾದರೂ ನೋಡಬಹುದು. ಅದು ಕಾರ್ಖಾನೆಯಿಂದ ಶೋರೂಮಿನವರೆಗಿನ ಪ್ರಯಾಣಕ್ಕೆ ಮಾತ್ರ ಇಟ್ಟದ್ದು. ಬಿಸಿಲಿಗೆ ಅದರ ಅಂಟು ಬೆಂದು ಹಲಗೆಗೇ ಹಿಡಿದುಕೊಳ್ಳುತ್ತದೆ, ಅಂಚು ಎದ್ದ ಕಡೆ ನುಗ್ಗಿದ ಮರಳು ಹಾಳೆಗೂ ಹಲಗೆಗೂ ನಡುವೆ ಸಿಕ್ಕಿ ಪ್ರತಿ ಬಾರಿ ಮೊಣಕೈ ಒರಗಿದಾಗಲೂ ಉಜ್ಜುತ್ತದೆ, ಕೊನೆಗೆ ಕಿತ್ತಾಗ ಹಾಳೆ ಇದ್ದ ಕಡೆ ಒಂದು ಬಣ್ಣ, ಇಲ್ಲದ ಕಡೆ ಇನ್ನೊಂದು. ಮನೆಗೆ ಬಂದ ದಿನವೇ ಕಿತ್ತೆಸೆಯಿರಿ.

ಇದೇ ಸಲಹೆ ಕನ್ನಡದ ಎಲ್ಲ ಸೀಮೆಗೂ ಹೊಂದುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಾಸರಗೋಡಿನಲ್ಲಿ ಬಾಗಿಲಿನ ಶತ್ರು ಧೂಳಲ್ಲ, ಶೀತ. ಅಲ್ಲಿ ಬಟ್ಟೆಯ ಭಾಗಕ್ಕೆ ಬೂಷ್ಟು ಹಿಡಿಯುತ್ತದೆ, ಮೆತ್ತನೆಯ ಲೇಪವಿರುವ ಪ್ಲಾಸ್ಟಿಕ್ಕು ತೇವಕ್ಕೆ ಜಿಗುಟಾಗುತ್ತದೆ. ಅಲ್ಲಿಯವರು ಬಿಸಿಲು ಕಂಡಾಗ ಬಾಗಿಲು ತೆರೆದಿಟ್ಟು ಒಣಗಿಸಬೇಕು, ಇಲ್ಲಿಯವರು ಬಿಸಿಲು ಕಂಡಾಗ ಮುಚ್ಚಿಕೊಳ್ಳಬೇಕು. ಅಂತರ್ಜಾಲದಲ್ಲಿ ಯಾವುದೋ ದೇಶದ ಹಿಮದೂರಿನವನು ಕೊಡುವ ಸಲಹೆ ಎರಡೂ ಕಡೆಗೆ ಅಷ್ಟಕ್ಕಷ್ಟೆ.

ದಿನಗೂಲಿಯಂತೆ ಬಾಡಿಗೆ ಓಡಿಸುವವರಿಗೆ ಇಷ್ಟು ನಾಜೂಕಿಗೆ ಪುರುಸೊತ್ತೆಲ್ಲಿ ಎಂಬ ಮಾತು ನ್ಯಾಯವಾದದ್ದೇ. ಆದರೆ ಇಲ್ಲಿ ಹೇಳಿದ ವಿಧಾನ ಹೆಚ್ಚು ಕೆಲಸ ಕೇಳುವುದಿಲ್ಲ, ಕಡಿಮೆ ಮಾಡುತ್ತದೆ: ನೀರು ಕಡಿಮೆ, ಸೋಪು ಕಡಿಮೆ, ಪಾಲಿಶಿನ ಖರ್ಚು ಇಲ್ಲ. ಒಂದು ಬ್ರಷ್ಷು, ಎರಡು ಮೈಕ್ರೋಫೈಬರ್ ಬಟ್ಟೆಗಿಂತ ಹೆಚ್ಚಿನ ಸಾಮಾನು ಬೇಡ. ಬಾಡಿಗೆಗೆ ಜನ ಹತ್ತುವ ಮೊದಲಿನ ಹತ್ತು ನಿಮಿಷದಲ್ಲಿ ಒಣ ಕೆಲಸ ಮುಗಿಯುತ್ತದೆ. ಒದ್ದೆ ಕೆಲಸ ತಿಂಗಳಿಗೊಮ್ಮೆ ಸಾಕು. ಹಳೆಯ ಕಾರು ಕೊಳ್ಳಲು ಬಂದವರು ಎಂಜಿನ್ ನೋಡುವ ಮೊದಲು ಬಾಗಿಲು ತೆರೆಯುತ್ತಾರೆ, ಬೆಲೆಯ ಮೊದಲ ಅಂದಾಜು ಅಲ್ಲೇ ಆಗುತ್ತದೆ.

ಇನ್ನೊಂದು ಕೆಲಸ ಬಾಕಿಯಿದೆ. ಗಾಜಿನ ಅಂಚಿನಿಂದ ಇಳಿಯುವ ಮಳೆನೀರು ಬಾಗಿಲಿನ ಪೊಳ್ಳಿನೊಳಗೆ ಹೋಗುತ್ತದೆ, ಹೋಗುವಂತೆಯೇ ಅದನ್ನು ಕಟ್ಟಿರುತ್ತಾರೆ. ಒಳಹಲಗೆಯ ಹಿಂದೆ ನೀರು ತಡೆಯುವ ಹಾಳೆಯೊಂದಿದ್ದು, ನೀರು ಅದರಾಚೆ ಇಳಿದು ಬಾಗಿಲಿನ ತಳಅಂಚಿನ ಸಣ್ಣ ರಂಧ್ರಗಳಿಂದ ಹೊರಬೀಳುತ್ತದೆ. ಹತ್ತು ತಿಂಗಳು ಧೂಳು ಕುಡಿದ ಕಾರಿನಲ್ಲಿ ಆ ರಂಧ್ರಗಳು ಮಣ್ಣಿನಿಂದ ಬಿಗಿದಿರುತ್ತವೆ. ಈ ಸೀಮೆಯಲ್ಲಿ ಮಳೆ ಜೋರಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಹೊರಹೋಗಲಾಗದ ನೀರು ಒಳಗೇ ನಿಂತು ತಗಡಿಗೆ ತುಕ್ಕು ಹಿಡಿಸಿ, ಹಲಗೆಯ ಬುಡವನ್ನು ನೆನೆಸುತ್ತದೆ. ಬಾಗಿಲು ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದರೆ ಕಾರಣ ಅದೇ. ಆಗಸ್ಟ್ ಮುಗಿಯುವುದರೊಳಗೆ ನಾಲ್ಕೂ ಬಾಗಿಲು ತೆರೆದು, ಕೆಳಅಂಚಿಗೆ ಬಗ್ಗಿ ನೋಡಿ, ಒಂದು ಪೊರಕೆಕಡ್ಡಿಯಿಂದ ಆ ರಂಧ್ರಗಳ ಮಣ್ಣು ಕೆದಕಿ ತೆಗೆಯಿರಿ.